ರಾತ್ರಿ ಎಂಟಕ್ಕೆ ಕೂಗುವ ಸೈರನ್: ಮನೆ ಅಲಾರಂ ಸೆಟ್ಟಿಂಗ್‌ನಲ್ಲಿ ತಪ್ಪು ಹುಡುಕುವುದು ಹೇಗೆ

ಸಾಗರದ ಹತ್ತಿರ ಒಂದು ಹಳ್ಳಿಯಲ್ಲಿ ಅಪ್ಪ ಅಮ್ಮನ ಮನೆ ಇದೆ. ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ, ಚೀಲ ಕಟ್ಟಿ ಮನೆಯಲ್ಲೇ ಇಟ್ಟುಕೊಳ್ಳುವ ಊರು. ರೇಟು ಏರಿದ ವರ್ಷ ಕಳ್ಳರ ಕಣ್ಣೂ ಅಲ್ಲೇ ಬೀಳುತ್ತದೆ. ಅದಕ್ಕೇ ಒಂದು ಅಲಾರಂ ಹಾಕಿಸಿದೆವು. ವೈಫೈ, ಸಿಮ್ ಎರಡೂ ಇರುವ ಪ್ಯಾನೆಲ್ (ಎಲ್ಲವನ್ನೂ ನಡೆಸುವ ಮುಖ್ಯ ಪೆಟ್ಟಿಗೆ), ಬಾಗಿಲುಗಳಿಗೆ ನಾಲ್ಕು ಸೆನ್ಸರ್, ಒಳಗೆ ಎರಡು ಮೋಷನ್ ಸೆನ್ಸರ್, ಅಂಗಳದ ಆಚೆಗಿನ ಅಡಿಕೆ ಕೋಣೆಗೆ ವೈರ್ ಎಳೆದು ಒಂದು ಸೆನ್ಸರ್, ಮಾಡಿನ ಕೆಳಗೆ ಸೈರನ್.

ಮೊದಲ ಮಳೆಗಾಲದ ತನಕ ಸುಮ್ಮನಿತ್ತು. ಆಮೇಲೆ ಶುರುವಾಯಿತು. ದಿನಾ ಅಲ್ಲ, ವಾರಕ್ಕೆ ಮೂರ್ನಾಲ್ಕು ರಾತ್ರಿ, ಎಂಟು ದಾಟಿ ಐದು ನಿಮಿಷಕ್ಕೋ ಇಪ್ಪತ್ತು ನಿಮಿಷಕ್ಕೋ, ಯಾರೂ ಏನೂ ಮುಟ್ಟದೆ ಕೂಗುತ್ತಿತ್ತು. ಹಾಕಿಕೊಟ್ಟವರು ಬಂದು ನಡುಮನೆಯ ಮೋಷನ್ ಸೆನ್ಸರ್ ಬದಲಿಸಿದರು. ಮತ್ತೆ ಕೂಗಿತು. ಇನ್ನೊಂದು ಹಾಕಿದರು, ಅದೂ ಕೂಗಿತು. ಅಮ್ಮ ಹಲ್ಲಿ ಅಂದರು, ಅಪ್ಪ ಬೆಕ್ಕು ಅಂದರು, ಪಕ್ಕದ ಮನೆಯವರು ಏನೇನೋ ಅಂದರು. ಕೊನೆಗೆ ಅಪ್ಪ ಪ್ಲಗ್ಗನ್ನೇ ಕಿತ್ತಿಟ್ಟರು. ಎರಡು ದಿನ ರಜೆ ಹಾಕಿ ನಾನೇ ಹೋಗಿ ಕೂತೆ. ಸೆನ್ಸರ್ ಚೆನ್ನಾಗೇ ಇತ್ತು, ತಪ್ಪು ಗಡಿಯಾರದ್ದು. ಆ ನೆಪದಲ್ಲಿ ಉಳಿದದ್ದನ್ನೂ ಒಂದೊಂದಾಗಿ ಬಿಚ್ಚಿ ನೋಡಿದೆ. ನಿಮ್ಮ ಪ್ಯಾನೆಲ್ ಬೇರೆ ಕಂಪನಿಯದಾಗಿರಬಹುದು, ಮೆನು ಹೆಸರು ಬೇರೆ ಇರಬಹುದು, ಆದರೆ ತಪ್ಪುಗಳು ಹೆಚ್ಚುಕಮ್ಮಿ ಇವೇ.

ಏನೂ ಒತ್ತುವ ಮೊದಲು ಲಾಗ್ ನೋಡಿ

ಅಲಾರಂ ಕೂಗಿದ ಕೂಡಲೇ ಎಲ್ಲರೂ ಮಾಡುವ ಕೆಲಸ ಅಂದರೆ ಸೆನ್ಸಿಟಿವಿಟಿ ಕಡಿಮೆ ಮಾಡುವುದು, ಇಲ್ಲವೇ ಫ್ಯಾಕ್ಟರಿ ರೀಸೆಟ್. ಎರಡೂ ಬೇಡ. ರೀಸೆಟ್ ಮಾಡಿದರೆ ಹಲವು ಪ್ಯಾನೆಲ್‌ಗಳಲ್ಲಿ ಸೆನ್ಸರ್ ಪೇರಿಂಗ್ (ಪ್ಯಾನೆಲ್ ಜೊತೆಗಿನ ಜೋಡಣೆ) ಹೋಗುತ್ತದೆ, ಫೋನ್ ನಂಬರ್ ಹೋಗುತ್ತವೆ, ಜೊತೆಗೆ ಏನಾಗಿತ್ತು ಅಂತ ಹೇಳಬಲ್ಲ ಲಾಗ್ ಕೂಡ ಹೋಗಬಹುದು. ಸಾಕ್ಷಿಯನ್ನೇ ಅಳಿಸಿ ಆಮೇಲೆ ಕಳ್ಳನನ್ನು ಹುಡುಕಿದ ಹಾಗೆ.

ಪ್ಯಾನೆಲ್‌ನಲ್ಲೋ ಆ್ಯಪ್‌ನಲ್ಲೋ ಈವೆಂಟ್ ಲಾಗ್, ಹಿಸ್ಟರಿ ಅಂತ ಏನೋ ಒಂದು ಇರುತ್ತದೆ. ಅದರಲ್ಲಿ ಮೂರು ವಿಷಯ ಬರೆದುಕೊಳ್ಳಿ. ಯಾವ ಜೋನ್ (ಪ್ಯಾನೆಲ್ ಲೆಕ್ಕದಲ್ಲಿ ಒಂದೊಂದು ಸೆನ್ಸರಿನ ಜಾಗ) ಕೂಗಿತು. ಅದಕ್ಕೂ ಮುಂಚಿನ ಸಾಲಿನಲ್ಲಿ ಏನಿದೆ. ಪ್ಯಾನೆಲ್ ಪ್ರಕಾರ ಗಂಟೆ ಎಷ್ಟು. ಈ ಮೂರನೆಯದನ್ನು ಯಾರೂ ನೋಡುವುದಿಲ್ಲ. ನಾನೂ ನೋಡಿರಲಿಲ್ಲ.

ಲಾಗ್ ಇಲ್ಲದ ಅಗ್ಗದ ಪ್ಯಾನೆಲ್ ಆದರೆ ಬೈಪಾಸ್ ಬಳಸಿ, ಅಂದರೆ ಆ ಜೋನನ್ನು ಸದ್ಯಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತ ಪ್ಯಾನೆಲಿಗೆ ಹೇಳುವುದು. ಇವತ್ತು ರಾತ್ರಿ ಅರ್ಧ ಜೋನ್‌ಗಳನ್ನು ಬೈಪಾಸ್ ಮಾಡಿ ಬಿಡಿ. ಆದರೂ ಕೂಗಿದರೆ ತಪ್ಪು ಉಳಿದ ಅರ್ಧದಲ್ಲಿದೆ. ದಿನಾ ಕೂಗುವ ತೊಂದರೆಯಾದರೆ ಎಂಟು ಜೋನ್ ಇದ್ದರೂ ಮೂರು ರಾತ್ರಿಯಲ್ಲಿ ಸಿಗುತ್ತದೆ. ಆಗಾಗ ಬರುವ ತೊಂದರೆಗೆ ಮಾತ್ರ ಜಾಸ್ತಿ ದಿನ ಬೇಕು. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಬದಲಿಸಿದ್ದನ್ನು ಚೀಟಿಯಲ್ಲಿ ಬರೆಯಿರಿ, ನೆನಪಿರುತ್ತದೆ ಅಂತ ಅಂದುಕೊಳ್ಳಬೇಡಿ.

ತನ್ನಷ್ಟಕ್ಕೆ ಆರ್ಮ್ ಆಗುತ್ತಿದ್ದರೆ

ನಮ್ಮ ಲಾಗ್‌ನಲ್ಲಿ ನಡುಮನೆಯ ಜೋನ್ ಕೂಗಿದ ಸಾಲಿನ ಮೇಲೆ ಪ್ರತಿ ದಿನ ಇನ್ನೊಂದು ಸಾಲಿತ್ತು: ಸಿಸ್ಟಂ ಆರ್ಮ್ ಆಯಿತು, 22:30. ಆರ್ಮ್ ಅಂದರೆ ಅಲಾರಂ ಕಾವಲಿಗೆ ನಿಲ್ಲುವುದು. ಅಪ್ಪ ಮಲಗುವ ಹೊತ್ತು ಹತ್ತೂವರೆ, ಅದಕ್ಕೆ ತಾನಾಗೇ ಆರ್ಮ್ ಆಗುವ ಹಾಗೆ ಶೆಡ್ಯೂಲ್ ಇಟ್ಟಿದ್ದೆವು, ಹಾಗಾಗಿ ಅದು ಸರಿಯೇ ಅನ್ನಿಸಿತು. ನನ್ನ ಫೋನ್‌ನಲ್ಲಿ ಹಳೇ ನೋಟಿಫಿಕೇಶನ್ ತೆಗೆದು ನೋಡಿದರೆ ಅದೇ ಆರ್ಮ್ ಸಂದೇಶ ಬಂದದ್ದು ರಾತ್ರಿ ಎಂಟು ಗಂಟೆಗೆ. ಅಷ್ಟು ಸಾಕಾಯಿತು.

ಈ ಪ್ಯಾನೆಲ್‌ಗಳು ಬಹಳಷ್ಟು ಚೀನಾದಲ್ಲಿ ತಯಾರಾಗುವಂಥವು, ಟೈಮ್ ಜೋನ್ ಜಿಎಂಟಿ +8ಕ್ಕೆ ಇಟ್ಟೇ ಬರುವುದುಂಟು. ನಮ್ಮದು +5:30. ಅವರ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಹತ್ತೂವರೆ ಆದಾಗ ಇಲ್ಲಿ ಎಂಟು. ಹಾಕಿಸುವಾಗ ಸರಿಮಾಡಿದ್ದರು, ಆದರೆ ಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಾಗ ಪ್ಯಾನೆಲ್ ಬ್ಯಾಟರಿ ಪೂರ್ತಿ ಖಾಲಿಯಾಗಿ, ಕರೆಂಟ್ ಬಂದ ಮೇಲೆ ಅದು ಮತ್ತೆ ತನ್ನ ಹುಟ್ಟೂರಿನ ಸಮಯಕ್ಕೆ ಹೋಗಿ ಕೂತಿತ್ತು.

ಹಾಗಾದರೆ ಕೆಲವು ದಿನ ಮಾತ್ರ ಯಾಕೆ ಕೂಗುತ್ತಿತ್ತು? ಎಂಟಕ್ಕೆ ಅಪ್ಪ ಅಮ್ಮ ಟಿವಿ ಮುಂದೆ ಇರುತ್ತಾರೆ. ಟಿವಿ ಇರುವುದು ಜಗಲಿಯಲ್ಲಿ, ಅಲ್ಲಿ ಮೋಷನ್ ಸೆನ್ಸರ್ ಇಲ್ಲ. ಧಾರಾವಾಹಿಯ ನಡುವೆ ಜಾಹೀರಾತು ಬಂದಾಗ ಅಮ್ಮ ಎದ್ದು ಅಡುಗೆಮನೆಗೆ ಹೊರಟರೆ ನಡುಮನೆ ದಾಟಲೇಬೇಕು. ದಾಟಿದ ದಿನ ಕೂಗಿತು. ಕೂಗಿದ ಕೂಡಲೇ ಅಪ್ಪ ಅಲಾರಂ ರಿಮೋಟ್ ಒತ್ತಿ ನಿಲ್ಲಿಸುತ್ತಿದ್ದರು, ಆಮೇಲೆ ಹತ್ತೂವರೆಗೆ ಅದು ಮತ್ತೆ ಆರ್ಮ್ ಆಗುವುದಿಲ್ಲ ಅನ್ನುವುದನ್ನು ಯಾರೂ ಗಮನಿಸಲಿಲ್ಲ. ಅಂದರೆ ಕೂಗಿದ ರಾತ್ರಿಗಳಲ್ಲೆಲ್ಲಾ ಮಲಗಿದಾಗ ಕಾವಲೇ ಇರಲಿಲ್ಲ.

ಸರಿಮಾಡುವುದು ಸುಲಭ. ಟೈಮ್ ಜೋನ್ +5:30 ಮಾಡಿ. ಕೆಲವು ಆ್ಯಪ್‌ಗಳಲ್ಲಿ +5, +6 ಅಂತ ಪೂರ್ತಿ ಗಂಟೆಗಳೇ ಇರುತ್ತವೆ, ನಮ್ಮ ಅರ್ಧ ಗಂಟೆ ಅವರ ಲೆಕ್ಕಕ್ಕಿಲ್ಲ. ಅಂಥದ್ದಾದರೆ ಇಂಟರ್ನೆಟ್‌ನಿಂದ ಸಮಯ ತೆಗೆದುಕೊಳ್ಳುವುದನ್ನು ಆಫ್ ಮಾಡಿ, ಕೈಯಲ್ಲೇ ಗಂಟೆ ಹಾಕಿ. ಆಮೇಲೆ ಹತ್ತು ನಿಮಿಷ ಬಿಟ್ಟು ಒಂದು ಶೆಡ್ಯೂಲ್ ಇಟ್ಟು, ಆ ಹೊತ್ತಿಗೇ ಆರ್ಮ್ ಆಗುತ್ತದಾ ಅಂತ ನೋಡಿ. ಗಂಟೆ ಜೊತೆ ತಾರೀಖು, ವಾರ ಎರಡನ್ನೂ ನೋಡಿ, ಯಾಕೆಂದರೆ ವಾರ ತಪ್ಪಿದ್ದರೆ ಭಾನುವಾರ ಬೇಡ ಅಂತ ಇಟ್ಟ ಶೆಡ್ಯೂಲ್ ಶನಿವಾರ ಕೈಕೊಡುತ್ತದೆ.

ಇನ್ನೊಂದು ತಪ್ಪು ನಮ್ಮದೇ. ರಾತ್ರಿಯ ಶೆಡ್ಯೂಲನ್ನು ಅವೇ ಆರ್ಮ್‌ಗೆ ಇಟ್ಟಿದ್ದೆವು. ಅದು ಮನೆಯಲ್ಲಿ ಯಾರೂ ಇಲ್ಲದಾಗಿನ ಮೋಡ್, ಒಳಗಿನ ಮೋಷನ್ ಸೆನ್ಸರ್‌ಗಳೂ ಎಚ್ಚರ ಇರುತ್ತವೆ. ಒಳಗೆ ಮಲಗಿರುವಾಗ ಬೇಕಾದದ್ದು ಹೋಮ್ ಆರ್ಮ್, ಕೆಲವದರಲ್ಲಿ ಸ್ಟೇ ಅಂತಿರುತ್ತದೆ. ಬಾಗಿಲು ಕಿಟಕಿ ಮಾತ್ರ ಕಾಯುತ್ತದೆ. ರಾತ್ರಿ ನೀರು ಕುಡಿಯಲು ಏಳುವವರ ಮನೆಯಲ್ಲಿ ಇದೊಂದು ಬದಲಿಸಿದರೆ ಅರ್ಧ ಗಲಾಟೆ ನಿಲ್ಲುತ್ತದೆ.

ಬೀಗ ತೆಗೆದು ಒಳಗೆ ಬಂದ ಕೂಡಲೇ ಕೂಗಿದರೆ

ಎಂಟ್ರಿ ಡಿಲೇ, ಅಂದರೆ ಬಾಗಿಲು ತೆಗೆದ ಮೇಲೆ ಕೂಗದೆ ಕಾಯುವ ಹೊತ್ತು, 30 ಸೆಕೆಂಡ್ ಇಟ್ಟಿದ್ದೇವೆ, ಆದರೂ ಎರಡು ಹೆಜ್ಜೆ ಇಟ್ಟ ತಕ್ಷಣ ಸೈರನ್. ಇದು ಬಹಳ ಜನರ ಗೋಳು. ಡಿಲೇ ಇರುವುದು ಮುಂದಿನ ಬಾಗಿಲಿನ ಜೋನಿಗೆ. ಬಾಗಿಲಿನಿಂದ ಕೀಪ್ಯಾಡ್ ತನಕ ಹೋಗುವ ದಾರಿಯಲ್ಲಿ ಮೋಷನ್ ಸೆನ್ಸರ್ ಇದೆಯಲ್ಲ, ಅದು ಇನ್‌ಸ್ಟಂಟ್ ಜೋನ್ (ಕಾಯದೆ ತಕ್ಷಣ ಕೂಗುವುದು) ಆಗಿಯೇ ಉಳಿದಿರುತ್ತದೆ. ಬಾಗಿಲು ಸುಮ್ಮನಿದ್ದರೂ ಅದು ಸುಮ್ಮನಿರುವುದಿಲ್ಲ. ಅದಕ್ಕೂ ಡಿಲೇ ಕೊಡಿ. ಫಾಲೋವರ್ ಅನ್ನುವ ಆಯ್ಕೆ ಇದ್ದರೆ ಇನ್ನೂ ಒಳ್ಳೆಯದು: ಬಾಗಿಲಿನಿಂದ ಬಂದರೆ ಕಾಯುತ್ತದೆ, ಕಿಟಕಿಯಿಂದ ನುಗ್ಗಿದರೆ ತಕ್ಷಣ ಕೂಗುತ್ತದೆ.

ಡಿಸಾರ್ಮ್ ಮಾಡಿಟ್ಟಾಗಲೂ, ಅಂದರೆ ಕಾವಲು ನಿಲ್ಲಿಸಿಟ್ಟಾಗಲೂ, ಕೂಗಿದರೆ ಎರಡೇ ಕಡೆ ನೋಡಿ. ಒಂದು, ಆ ಜೋನನ್ನು ಯಾರೋ 24 ಗಂಟೆ ಅಂತ ಮಾಡಿರುತ್ತಾರೆ. ಅದು ಹೊಗೆ, ಗ್ಯಾಸ್ ಸೆನ್ಸರ್, ಪ್ಯಾನಿಕ್ ಬಟನ್‌ಗೆ ಇರುವ ಬಗೆ, ಬಾಗಿಲಿಗಲ್ಲ. ಎರಡು, ಟ್ಯಾಂಪರ್. ಸೆನ್ಸರ್ ಮುಚ್ಚಳದ ಒಳಗೆ ಒಂದು ಚಿಕ್ಕ ಸ್ವಿಚ್ ಇರುತ್ತದೆ, ಮುಚ್ಚಳ ಸರಿ ಕೂರದಿದ್ದರೆ ಯಾರೋ ಬಿಚ್ಚುತ್ತಿದ್ದಾರೆ ಅಂತ ಅದು ತಿಳಿಯುತ್ತದೆ. ಬ್ಯಾಟರಿ ಬದಲಿಸಿದ ಮರುದಿನವೇ ತೊಂದರೆ ಶುರುವಾಗಿದ್ದರೆ ಮೊದಲು ಮುಚ್ಚಳ ಒತ್ತಿ ನೋಡಿ.

ಮೋಷನ್ ಸೆನ್ಸರ್‌ನ ಮೇಲೆ ಸುಮ್ನೆ ಹೊರಿಸುವ ತಪ್ಪು

ಈ ಬಡಪಾಯಿಯ ಮೇಲೆ ಎಲ್ಲರಿಗೂ ಅನುಮಾನ. ಮೊದಲು ಅದು ಏನು ನೋಡುತ್ತದೆ ಅಂತ ತಿಳಿದಿರಲಿ. ಅದು ಕ್ಯಾಮೆರಾ ಅಲ್ಲ. ಮುಂದಿನ ಲೆನ್ಸ್ ಕೋಣೆಯನ್ನು ಪಟ್ಟೆ ಪಟ್ಟೆಯಾಗಿ ಕತ್ತರಿಸುತ್ತದೆ, ಒಂದು ಪಟ್ಟೆಯಿಂದ ಇನ್ನೊಂದಕ್ಕೆ ಶಾಖ ಸರಿದರೆ ಒಳಗಿನ ಸೆನ್ಸರಿಗೆ ಗೊತ್ತಾಗುತ್ತದೆ. ಹಾಗಾಗಿ ಅದರ ಮುಂದೆ ಅಡ್ಡ ನಡೆದರೆ ಬೇಗ ಹಿಡಿಯುತ್ತದೆ, ನೇರ ಅದರ ಕಡೆಗೇ ನಡೆದು ಬಂದರೆ ತಡವಾಗಿ ಹಿಡಿಯುತ್ತದೆ. ಬಾಗಿಲಿನ ಎದುರಿನ ಗೋಡೆಗಿಂತ ಪಕ್ಕದ ಮೂಲೆಯಲ್ಲಿ, ಸುಮಾರು ಏಳು ಅಡಿ ಎತ್ತರದಲ್ಲಿ ಇಟ್ಟರೆ ಚೆನ್ನ.

ಸೆನ್ಸರ್ ಸತ್ತಿದೆ ಅಂತ ಹೇಳುವವರಲ್ಲಿ ತುಂಬಾ ಜನ ಅದರ ಮುಂದೆ ನಿಂತು ಕೈಬೀಸಿ ನೋಡಿರುತ್ತಾರೆ. ಮೊದಲ ಸಲ ದೀಪ ಬರುತ್ತದೆ, ಆಮೇಲೆ ಎಷ್ಟು ಬೀಸಿದರೂ ಇಲ್ಲ. ಬ್ಯಾಟರಿಯಲ್ಲಿ ನಡೆಯುವ ಸೆನ್ಸರ್‌ಗಳು ಒಂದು ಸಲ ಹಿಡಿದ ಮೇಲೆ ಬ್ಯಾಟರಿ ಉಳಿಸಲು ಎರಡು ಮೂರು ನಿಮಿಷ ಮಲಗಿಬಿಡುತ್ತವೆ, ಕೆಲವದರಲ್ಲಿ ನೀವು ಅಲ್ಲೇ ಓಡಾಡುತ್ತಿದ್ದಷ್ಟೂ ಆ ನಿದ್ದೆ ಉದ್ದವಾಗುತ್ತಾ ಹೋಗುತ್ತದೆ. ಕೋಣೆ ಬಿಟ್ಟು ಹೊರಗೆ ಹೋಗಿ ಐದು ನಿಮಿಷ ಕಾಫಿ ಕುಡಿದು ಬನ್ನಿ. ಆಮೇಲೆ ಒಳಗೆ ಕಾಲಿಟ್ಟ ಕೂಡಲೇ ಹಿಡಿದರೆ ಅದು ಚೆನ್ನಾಗೇ ಇದೆ. ಹೊಸದಾಗಿ ಬ್ಯಾಟರಿ ಹಾಕಿದ ಮೇಲೂ ಒಂದೆರಡು ನಿಮಿಷ ಅದಕ್ಕೆ ಸಾವರಿಸಿಕೊಳ್ಳಲು ಬಿಡಿ. ಅಷ್ಟರೊಳಗೆ ಬಂದ ಅಲಾರಂ ಲೆಕ್ಕಕ್ಕಿಲ್ಲ.

ಇನ್ನು ಹಲ್ಲಿ. ಅಮ್ಮ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ದೂರದ ಗೋಡೆಯ ಹಲ್ಲಿಗೆ ಅದು ಕೂಗುವುದು ಕಷ್ಟ, ಆದರೆ ಲೆನ್ಸ್ ಮೇಲೆಯೇ ಹರಿದರೆ ಕೂಗಬಹುದು. ಜೇಡವೂ ಹಾಗೇ, ಒಳಗೆ ಹೊಕ್ಕ ಇರುವೆಯೂ ಹಾಗೇ. ಎರಡನೇ ಮೋಷನ್ ಸೆನ್ಸರ್ ಬಚ್ಚಲಿಗೆ ಹೋಗುವ ಓಣಿಯಲ್ಲಿತ್ತು. ಬೆಳಗ್ಗೆ ಹಂಡೆ ಒಲೆಗೆ ಬೆಂಕಿ ಹಾಕಿದಾಗ ಅದು ಕಾರಣವಿಲ್ಲದೆ ಕಣ್ಣು ಮಿಟುಕಿಸುತ್ತಿತ್ತು. ಒಲೆಯ ಬಿಸಿಗಾಳಿ ತೂರಿ ಬರುವ ದಿಕ್ಕಿಗೇ ಮುಖ ಮಾಡಿಸಿದ್ದರು. ತಿರುಗಿಸಿದೆ, ನಿಂತಿತು. ಬಿಸಿಲು ನೇರ ಬೀಳುವ ಕಿಟಕಿ, ಫ್ರಿಜ್ಜಿನ ಹಿಂಭಾಗ, ಎಸಿ ಗಾಳಿ ಬಡಿಯುವ ಜಾಗ, ಇವೆಲ್ಲಾ ಅದೇ ಜಾತಿ.

ಬಯಲುಸೀಮೆಯವರಿಗೆ ಉಲ್ಟಾ ತೊಂದರೆ ಬರಬಹುದು. ರಾಯಚೂರು, ಕಲಬುರಗಿ ಕಡೆ ಮೇ ತಿಂಗಳಲ್ಲಿ ಮುಚ್ಚಿದ ಕೋಣೆಯೇ ಮೈಯಷ್ಟು ಬಿಸಿಯಾದಾಗ ಮನುಷ್ಯನಿಗೂ ಗೋಡೆಗೂ ಶಾಖದಲ್ಲಿ ವ್ಯತ್ಯಾಸ ಉಳಿಯುವುದಿಲ್ಲ, ಸೆನ್ಸರ್ ಮಂದವಾಗುತ್ತದೆ. ಅಲ್ಲಿ ಬೇಸಿಗೆಯ ಮಧ್ಯಾಹ್ನ ನಡೆದು ಪರೀಕ್ಷಿಸಿ. ಡಿಸೆಂಬರಿನ ಬೆಳಗ್ಗೆ ಮಾಡಿದ ಟೆಸ್ಟ್ ಅದಕ್ಕೆ ಸಾಲದು.

ಮಳೆಗಾಲದ ಬಾಗಿಲು

ಬಾಗಿಲ ಸೆನ್ಸರ್ ಅಂದರೆ ಒಂದು ಕಡೆ ಮ್ಯಾಗ್ನೆಟ್, ಇನ್ನೊಂದು ಕಡೆ ಅದರ ಸೆಳೆತಕ್ಕೆ ಕೂಡಿಕೊಳ್ಳುವ ಸಣ್ಣ ಸ್ವಿಚ್. ಎರಡರ ನಡುವೆ ಒಂದು ಸೆಂಟಿಮೀಟರ್ ಒಳಗೇ ಇಡುವುದು ಕ್ಷೇಮ. ನಮ್ಮದು ಹಲಸಿನ ಮರದ ಹಳೇ ಬಾಗಿಲು. ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಚೌಕಟ್ಟಿಗೆ ಪೂರ್ತಿ ಕೂರುವುದಿಲ್ಲ, ಬೇಸಿಗೆಯಲ್ಲಿ ಅಂಟಿಸಿದ ಮ್ಯಾಗ್ನೆಟ್ ಆಷಾಢದಲ್ಲಿ ಸೆನ್ಸರಿನಿಂದ ದೂರ ನಿಲ್ಲುತ್ತದೆ. ಗಾಳಿಗೆ ಬಾಗಿಲು ಸ್ವಲ್ಪ ಅಲುಗಿದರೂ ಓಪನ್ ಅಂತ ತೋರಿಸುತ್ತದೆ. ಪರೀಕ್ಷೆ ಮಾಡುವುದು ಸುಲಭ: ಮ್ಯಾಗ್ನೆಟ್ ಬಿಚ್ಚಿ ಕೈಯಲ್ಲಿ ಹಿಡಿದು ಸೆನ್ಸರ್ ಹತ್ತಿರ ತನ್ನಿ, ದೂರ ಒಯ್ಯಿರಿ. ಪ್ಯಾನೆಲ್‌ನಲ್ಲಿ ಕ್ಲೋಸ್, ಓಪನ್ ಸರಿಯಾಗಿ ಬಂದರೆ ಸೆನ್ಸರ್ ಸರಿ, ಜಾಗ ತಪ್ಪು. ಅಡಿಯಲ್ಲಿ ತೆಳ್ಳಗಿನ ಮರದ ಚಕ್ಕೆ ಕೊಟ್ಟು ಹತ್ತಿರ ತಂದು, ಸ್ಕ್ರೂ ಹಾಕಿ. ಡಬಲ್ ಟೇಪ್ ಮಲೆನಾಡಿನ ತೇವಕ್ಕೆ ನಿಲ್ಲುವುದಿಲ್ಲ.

ಕಬ್ಬಿಣದ ಬಾಗಿಲು, ಗ್ರಿಲ್, ರೋಲಿಂಗ್ ಶಟರ್‌ಗೆ ಈ ಪುಟ್ಟ ಸೆನ್ಸರ್ ಹಾಕಬೇಡಿ. ಕಬ್ಬಿಣ ಮ್ಯಾಗ್ನೆಟ್‌ನ ಶಕ್ತಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಶಟರಿಗೆ ಅಂತಲೇ ದಪ್ಪನೆಯದು ಸಿಗುತ್ತದೆ.

ಮನೆಯಲ್ಲಿ ಕೂಗಿತು, ಫೋನಿಗೆ ಬರಲಿಲ್ಲ

ಮೊದಲು ಸಿಮ್. ಅದನ್ನು ತೆಗೆದು ಹಳೇ ಕೀಪ್ಯಾಡ್ ಫೋನಿಗೆ ಹಾಕಿ, ಒಂದು ಕಾಲ್, ಒಂದು ಮೆಸೇಜ್ ಮಾಡಿ ನೋಡಿ. ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ರೀಚಾರ್ಜ್ ಅವಧಿ ಮುಗಿದಿರುತ್ತದೆ, ಯಾಕೆಂದರೆ ಗೋಡೆಯ ಮೇಲಿನ ಸಿಮ್‌ಗೆ ರೀಚಾರ್ಜ್ ಮಾಡಬೇಕು ಅಂತ ಯಾರಿಗೂ ನೆನಪಿರುವುದಿಲ್ಲ. ಸಿಮ್‌ಗೆ ಪಿನ್ ಲಾಕ್ ಇದ್ದರೆ ತೆಗೆಯಿರಿ. ಜಾಹೀರಾತು ಮೆಸೇಜ್‌ಗಳು ತುಂಬಿ ಜಾಗ ಇಲ್ಲದಿದ್ದರೆ ನೀವು ಕಳಿಸಿದ ಆಜ್ಞೆಯೂ ಒಳಗೆ ಹೋಗುವುದಿಲ್ಲ, ಅಳಿಸಿ. ಹಳೇ ಪ್ಯಾನೆಲ್‌ಗಳಲ್ಲಿ 2ಜಿ ಮಾತ್ರ ಇರುತ್ತದೆ. ಜಿಯೋ 2016ರಲ್ಲಿ 4ಜಿಯಿಂದಲೇ ಶುರುವಾದದ್ದು, ಅದರಲ್ಲಿ 2ಜಿ ಇಲ್ಲ, ಆ ಸಿಮ್ ಅಂಥ ಪ್ಯಾನೆಲ್‌ನಲ್ಲಿ ಕೆಲಸ ಮಾಡುವುದಿಲ್ಲ. ಅದು ಸಿಮ್‌ನ ತಪ್ಪೂ ಅಲ್ಲ, ಪ್ಯಾನೆಲ್‌ನ ತಪ್ಪೂ ಅಲ್ಲ. ಊರಲ್ಲಿ ಯಾವ ಕಂಪನಿಯ 2ಜಿ ಸಿಗ್ನಲ್ ಚೆನ್ನಾಗಿದೆ ಅಂತ ಕೇಳಿ ಅದನ್ನೇ ಹಾಕಿ.

ವೈಫೈ ಕಡೆ ಎರಡು ಮಾತು ಸಾಕು. ಬಹುತೇಕ ಪ್ಯಾನೆಲ್‌ಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, 5 ಗೊತ್ತಿಲ್ಲ. ಹೊಸ ರೂಟರ್ ಬಂದ ದಿನದಿಂದ ಆಫ್‌ಲೈನ್ ಅಂತ ತೋರಿಸಿದರೆ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು 2.4ಕ್ಕೆ ಸೇರಿಸಿ. ಕರೆಂಟ್ ಹೋದಾಗ ಪ್ಯಾನೆಲ್‌ಗೆ ಬ್ಯಾಟರಿ ಇರುತ್ತದೆ, ರೂಟರಿಗೆ ಇರುವುದಿಲ್ಲ, ಅದಕ್ಕೊಂದು ಚಿಕ್ಕ ಯುಪಿಎಸ್ ಹಾಕಿ. ವೋಲ್ಟೇಜ್ ಮಾತ್ರ ರೂಟರ್ ಅಡಾಪ್ಟರ್ ಮೇಲೆ ಬರೆದಷ್ಟೇ ಇರಬೇಕು.

ಎಲ್ಲಾ ಸರಿಯಿದ್ದೂ ಬರದಿದ್ದರೆ ತಪ್ಪು ನಿಮ್ಮ ಕೈಯಲ್ಲೇ ಇದೆ, ಅಂದರೆ ಫೋನಿನಲ್ಲಿ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆ ಆ್ಯಪನ್ನು ಮಲಗಿಸಿರುತ್ತದೆ. ರಾತ್ರಿ ಡಿಸ್ಟರ್ಬ್ ಮಾಡಬೇಡ ಅಂತ ನೀವೇ ಹೇಳಿರುತ್ತೀರಿ. ಪ್ಯಾನೆಲ್ ನಂಬರನ್ನು ಹೆಸರಿಟ್ಟು ಸೇವ್ ಮಾಡಿ, ಆ ನಂಬರಿಗೆ ಮಾತ್ರ ವಿನಾಯಿತಿ ಕೊಡಿ. ಪ್ಯಾನೆಲ್‌ನೊಳಗೆ ನಿಮ್ಮ ನಂಬರ್ ಹಾಕುವಾಗ ಮುಂದೆ +91 ಬೇಕಾ ಬೇಡವಾ ಅನ್ನುವುದನ್ನು ಎರಡೂ ಥರ ಹಾಕಿ ನೋಡಿ. 112ನ್ನು ಆ ಪಟ್ಟಿಗೆ ಸೇರಿಸಬೇಡಿ, ಹಲ್ಲಿ ಕೂಗಿಸಿದ್ದಕ್ಕೆಲ್ಲಾ ಪೊಲೀಸರಿಗೆ ಕರೆ ಹೋದರೆ ಏನು ಚೆಂದ? ಮೊದಲ ನಂಬರ್ ಓಡಿ ಬರಬಲ್ಲ ಪಕ್ಕದ ಮನೆಯವರದ್ದಿರಲಿ. ಬೆಂಗಳೂರಿನಲ್ಲಿ ಕೂತ ನನ್ನದು ಎರಡನೆಯದು.

ದೊಡ್ಡ ಪ್ಯಾನೆಲ್‌ಗಳಲ್ಲಿ 12 ವೋಲ್ಟಿನ ಲೆಡ್ ಬ್ಯಾಟರಿ ಇರುತ್ತದೆ. ಮಲ್ಟಿಮೀಟರ್ ಇಟ್ಟು, ಕರೆಂಟ್ ತೆಗೆದು, ಸೈರನ್ ಕೂಗಿಸಿ ನೋಡಿ. ಸುಮ್ಮನಿದ್ದಾಗ 12.7 ತೋರಿಸಿ ಸೈರನ್ ಕೂಗಿದ ಕೂಡಲೇ 11ಕ್ಕಿಂತ ಕೆಳಗೆ ಕುಸಿದರೆ ಅದರ ಆಯುಸ್ಸು ಮುಗಿಯಿತು. ಕೂಗಿಸುವ ಮೊದಲು ಅಕ್ಕಪಕ್ಕದವರಿಗೆ ಒಂದು ಮಾತು ಹೇಳಿ.

ಅಡಿಕೆ ಕೋಣೆಯ ವೈರು

ನನಗೆ ನಿಜವಾಗಿ ಬೆವರಿಳಿಸಿದ್ದು ಇದು. ಅಡಿಕೆ ಕೋಣೆಯ ಜೋನ್ ಯಾವತ್ತೂ ತೊಂದರೆ ಕೊಟ್ಟಿರಲಿಲ್ಲ. ತೊಂದರೆಯೇ ಕೊಡದ ಜೋನ್ ಕೆಲಸ ಮಾಡುತ್ತಿದೆಯಾ ಅಂತ ನೋಡೋಣ ಅಂತ, ಅಂಗಳದಲ್ಲಿ ಜಾಯಿಂಟ್ ಹಾಕಿದ ಕಡೆ ಟೇಪ್ ಬಿಚ್ಚಿ ಎರಡು ತಂತಿಗಳನ್ನು ಒಂದಕ್ಕೊಂದು ತಾಗಿಸಿದೆ. ಪ್ಯಾನೆಲ್‌ಗೆ ಏನೂ ಗೊತ್ತಾಗಲಿಲ್ಲ. ಹಾಗೇ ತಾಗಿಸಿಟ್ಟು ಆರ್ಮ್ ಮಾಡಿ ಬಾಗಿಲು ತೆಗೆದೆ. ಆಗಲೂ ಸದ್ದಿಲ್ಲ. ಕಳ್ಳ ತಂತಿ ಸುಲಿದು ಒಂದಕ್ಕೊಂದು ಜೋಡಿಸಿಬಿಟ್ಟರೆ ಚೀಲವೆಲ್ಲಾ ಹೊತ್ತೊಯ್ಯಬಹುದಿತ್ತು.

ವೈರ್ ಜೋನಿಗೆ ಒಂದು ರೆಸಿಸ್ಟರ್, ಅಂದರೆ ಕರೆಂಟಿಗೆ ಇಷ್ಟೇ ಅಂತ ತಡೆ ಒಡ್ಡುವ ಸಣ್ಣ ಬಿಡಿಭಾಗ, ಹಾಕುತ್ತಾರೆ. ಆ ತಡೆಯ ಅಳತೆ ಓಮ್. ಎಷ್ಟು ಓಮ್ ಅನ್ನುವುದು ಪ್ಯಾನೆಲಿಗೊಂದು ಥರ, 2.2 ಕಿಲೋ ಓಮ್ ಇರಬಹುದು, 4.7 ಇರಬಹುದು, 5.6 ಇರಬಹುದು, ಮ್ಯಾನುಯಲ್ ನೋಡಿ. ಅಷ್ಟೇ ಓಮ್ ಕಂಡರೆ ಪ್ಯಾನೆಲಿಗೆ ನೆಮ್ಮದಿ. ತಂತಿ ಕತ್ತರಿಸಿದರೂ, ಬಾಗಿಲು ತೆಗೆದರೂ ಲೂಪ್ ಓಪನ್, ಅಂದರೆ ತಂತಿಯ ಸುತ್ತು ಕಡಿದಂತೆ. ತಂತಿ ಕೂಡಿಸಿದರೆ ಸೊನ್ನೆ ಓಮ್, ಅದೂ ಗೊತ್ತಾಗಬೇಕು. ಆದರೆ ಆ ರೆಸಿಸ್ಟರ್ ತಂತಿಯ ಆ ತುದಿಯಲ್ಲಿ, ಬಾಗಿಲ ಸೆನ್ಸರ್ ಹತ್ತಿರ ಇದ್ದರೆ ಮಾತ್ರ. ಏಣಿ ಹತ್ತುವ ಶ್ರಮ ತಪ್ಪಿಸಲು ನಮ್ಮಲ್ಲಿ ಅದನ್ನು ಪ್ಯಾನೆಲ್ ಪೆಟ್ಟಿಗೆಯ ಒಳಗೇ ಸಿಕ್ಕಿಸಿದ್ದರು. ಹೊರಗೆ ತಂತಿ ಕೂಡಿಸಿದರೂ ಪ್ಯಾನೆಲ್‌ಗೆ ಕಾಣುವುದು ಅದೇ ರೆಸಿಸ್ಟರ್, ಎಲ್ಲಾ ಸರಿಯಿದೆ ಅಂತಲೇ ತಿಳಿದುಕೊಳ್ಳುತ್ತದೆ.

ಪ್ಯಾನೆಲ್ ಕರೆಂಟ್, ಬ್ಯಾಟರಿ ಎರಡನ್ನೂ ತೆಗೆದು, ರೆಸಿಸ್ಟರನ್ನು ಆ ತುದಿಗೆ ಒಯ್ದು ಸೆನ್ಸರಿನ ಜೊತೆ ಸೀರೀಸ್‌ನಲ್ಲಿ (ಒಂದರ ಹಿಂದೊಂದಾಗಿ) ಬೆಸುಗೆ ಹಾಕಿದೆ. ಪ್ಯಾನೆಲ್ ತುದಿಯಲ್ಲಿ ತಂತಿ ಬಿಚ್ಚಿ ಮೀಟರ್ ಇಟ್ಟರೆ ಬಾಗಿಲು ಮುಚ್ಚಿದಾಗ ರೆಸಿಸ್ಟರಿನಷ್ಟೇ ತೋರಿಸಿತು, ತೆರೆದಾಗ ಓಪನ್. ಬಿಚ್ಚಿದ ಜಾಯಿಂಟಿನ ಬದಲು ನಡುವೆ ಜಾಯಿಂಟ್ ಇಲ್ಲದ ಹೊಸ ವೈರ್ ಎಳೆದು, ಜೋಡಿಸಿ, ಟೆಸ್ಟ್ ಮೋಡ್‌ಗೆ ಹಾಕಿ, ಒಂದೊಂದೇ ಬಾಗಿಲು ತೆರೆದು ಮುಚ್ಚಿ, ಸೊನ್ನೆ ಓಮ್ ಕೂಡ ಮಾಡಿ ನೋಡಿ, ಎಲ್ಲಾ ಹಿಡಿಯಿತು ಅಂತ ಖುಷಿಯಾಗಿ ರಾತ್ರಿ ಬಸ್ಸು ಹತ್ತಿದೆ. ಆನಂದಪುರ ದಾಟಿದ ಮೇಲೆ ನೆನಪಾಯಿತು, ಟೆಸ್ಟ್ ಮೋಡ್‌ನಿಂದ ಹೊರಗೆ ತಂದೇ ಇಲ್ಲ. ನಮ್ಮ ಪ್ಯಾನೆಲ್‌ನಲ್ಲಿ ಟೆಸ್ಟ್ ಮೋಡ್ ಅಂದರೆ ಸೈರನ್ ಇಲ್ಲ, ಕರೆಯೂ ಇಲ್ಲ. ಅಪ್ಪನಿಗೆ ಫೋನ್ ಮಾಡಿ, ಕನ್ನಡಕ ಹಾಕಿಸಿ, ಒಂದೊಂದೇ ಬಟನ್ ಹೇಳಿ ಹೇಳಿ ಒತ್ತಿಸಿದೆ. "ಬಂತು ಮಾರಾಯ ಕೆಂಪು ದೀಪ, ನೀ ಮಲಗು" ಅಂದರು. ಪ್ಯಾನೆಲ್‌ನಲ್ಲಿ ಗಂಟೆ ಎಷ್ಟು ತೋರಿಸ್ತಿದೆ ಅಂತ ಕೇಳಿದೆ. ಹತ್ತೂ ಮುಕ್ಕಾಲು ಅಂದರು. ನನ್ನ ಕೈಗಡಿಯಾರದಲ್ಲೂ ಅಷ್ಟೇ ಆಗಿತ್ತು.